ವಿವಾಹ ಸಿದ್ಧತಾ ಶಿಬಿರ: ಮದುವೆಯ ದಿನದವರೆಗೆ ಉತ್ತಮ

ನಮ್ಮ ಕಥೋಲಿಕ ಧರ್ಮಪ್ರಾಂತ್ಯದ ಕುಟುಂಬ ಸೇವಾ ಕೇಂದ್ರವೊಂದು ನಡೆಸುವ ಮೂರು ದಿನಗಳ ವಿವಾಹ ಸಿದ್ಧತಾ ಶಿಬಿರಕ್ಕೆ ನಾನೂ ನನ್ನನ್ನು ಮದುವೆಯಾಗಲಿದ್ದ ಹುಡುಗಿಯೂ ಹೋಗಿ ಬಂದು ಎರಡು ವರ್ಷಗಳಾದವು. ಶಿಬಿರದ ಪ್ರಮಾಣಪತ್ರ ಕೊಡದೆ ಭಾನುವಾರದ ಪೂಜೆಯಲ್ಲಿ ಮದುವೆಯ ಪ್ರಕಟಣೆ ಓದಲಾಗದೆಂದು ನಮ್ಮ ಧರ್ಮಕೇಂದ್ರದ ಗುರುಗಳು ಹೇಳಿದ್ದರಿಂದ ಹೋದೆವೇ ಹೊರತು ಉತ್ಸಾಹದಿಂದಲ್ಲ. ಶಿಬಿರ ಮುಗಿದ ದಿನವೇ ಬರೆದಿದ್ದರೆ ಬರೀ ಹೊಗಳಿಕೆಯಾಗುತ್ತಿತ್ತು.

ಹೊಗಳಲು ಕಾರಣವೂ ಇತ್ತು. ಎರಡನೆಯ ದಿನ ಆಪ್ತಸಮಾಲೋಚಕಿಯಾದ ಧರ್ಮಭಗಿನಿಯೊಬ್ಬರು ಪ್ರತಿ ಜೋಡಿಗೂ ಎರಡು ಹಾಳೆ ಕೊಟ್ಟು, ಸಂಬಳ, ಸಾಲ ಮತ್ತು ತವರಿಗೆ ಕಳುಹಿಸುವ ಹಣವನ್ನು ಬೇರೆ ಬೇರೆ ಕುಳಿತು ಬರೆದು ಅದಲುಬದಲು ಮಾಡಿಕೊಳ್ಳಲು ಹೇಳಿದರು. ನನ್ನ ಹಾಳೆಯಲ್ಲಿ ಬೈಕಿನ ಸಾಲವಿತ್ತು. ಅವಳ ಹಾಳೆಯಲ್ಲಿ ತಾಯಿಯ ಮನೆ ಸಾಲದ ಕಂತು, ಅದೂ ಇನ್ನು ನಾಲ್ಕು ವರ್ಷ. ನಿಶ್ಚಿತಾರ್ಥವಾಗಿ ಎಂಟು ತಿಂಗಳಾಗಿದ್ದರೂ ನಾವಿಬ್ಬರೂ ಈ ಮಾತು ಎತ್ತಿರಲಿಲ್ಲ. ಊಟದ ಹೊತ್ತಿಗೆ ಅದೇ ಜಗಳವಾಗಿ ತಟ್ಟೆಯಲ್ಲಿದ್ದ ಅನ್ನ ಆರಿಹೋಯಿತು. ಸಿಸ್ಟರ್ ಪಕ್ಕದಲ್ಲಿ ಬಂದು ಕುಳಿತರೂ ಸಮಾಧಾನ ಹೇಳಲಿಲ್ಲ, “ಮದುವೆಯಾದ ಮೇಲೆ ಈ ಕಂತು ಯಾರ ಸಂಬಳದಿಂದ ಹೋಗಬೇಕು? ಇಬ್ಬರೂ ಈಗಲೇ ಹೇಳಿಬಿಡಿ” ಎಂದರು, ಅಷ್ಟೇ.

ವಕೀಲರೊಬ್ಬರ ತರಗತಿಯೂ ಉಪಯುಕ್ತವಾಗಿತ್ತು. ಬಲವಂತದಿಂದ ಪಡೆದ ಸಮ್ಮತಿಯ ಮದುವೆ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಕಾನೂನಿನಲ್ಲಿ ಸಿಂಧುವಲ್ಲವೆಂಬುದನ್ನೂ, ಧರ್ಮಸಭೆಯ ನ್ಯಾಯಮಂಡಳಿ ಮದುವೆಯನ್ನು ಅಸಿಂಧುವೆಂದು ಘೋಷಿಸಿದ ಮಾತ್ರಕ್ಕೆ ದೇಶದ ಕಾನೂನಿನ ಕಣ್ಣಲ್ಲಿ ಅದು ರದ್ದಾಗದೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿರುವುದನ್ನೂ ಅವರು ಬಿಡಿಸಿ ಹೇಳಿದರು. ಅಲ್ಲಿದ್ದ ಹೆಚ್ಚಿನವರು ಇದನ್ನು ಕೇಳಿದ್ದು ಅಂದೇ ಮೊದಲು.

ಸ್ವಾಭಾವಿಕ ಕುಟುಂಬ ಯೋಜನೆಯ ತರಗತಿ ಮಾತ್ರ ನಿರಾಸೆ ತಂದಿತು. ಕೃತಕ ಗರ್ಭನಿರೋಧವನ್ನು ಒಪ್ಪದ ಧರ್ಮಸಭೆಯ ನಿಲುವು 1968ರಿಂದಲೂ ಎಲ್ಲರಿಗೂ ತಿಳಿದದ್ದೇ; ಹಾಗಿದ್ದಮೇಲೆ ದೇಹದ ಲಕ್ಷಣಗಳನ್ನು ದಿನವೂ ಗಮನಿಸಿ ಗುರುತು ಹಾಕುವುದು ಹೇಗೆಂದು ಬಿಡುವಾಗಿ ಕಲಿಸಬೇಕಿತ್ತು. ವೈದ್ಯರು ಪರದೆಯ ಮೇಲಿದ್ದುದನ್ನು ನಲವತ್ತು ನಿಮಿಷ ಓದಿ ಹೊರಟರು. ನಾವು ಹೆಸರಿಲ್ಲದೆ ಬರೆದು ಹಾಕಿದ ಪ್ರಶ್ನೆಗಳ ಡಬ್ಬವನ್ನು ಯಾರೂ ತೆರೆಯಲೇ ಇಲ್ಲ. ಸಂಜೆ ಕುರ್ಚಿ ಜೋಡಿಸುವಾಗಲೂ ಅದು ಮೇಜಿನ ಮೇಲೆಯೇ ಇತ್ತು.

ನನ್ನ ಮುಖ್ಯ ತಕರಾರು ಬೇರೆಯದು. ಧರ್ಮಸಭೆಯ ಕಾನೂನು ಸಂಹಿತೆಯ 1063ನೆಯ ವಿಧಿ ಕುಟುಂಬಗಳ ಪಾಲನೆಗೆ ನಾಲ್ಕು ದಾರಿಗಳನ್ನು ಹೇಳುತ್ತದೆ: ಬೋಧನೆ, ಮದುವೆಗೆ ವೈಯಕ್ತಿಕ ಸಿದ್ಧತೆ, ಅರ್ಥಪೂರ್ಣ ವಿವಾಹ ಆರಾಧನೆ, ಕೊನೆಯದಾಗಿ ಮದುವೆಯಾದವರಿಗೆ ನೆರವು. ಮದುವೆಯ ಮೊದಲ ವರ್ಷಗಳಲ್ಲಿ ದಂಪತಿಗಳ ಜೊತೆಗಿರಬೇಕೆಂದು ಪೋಪ್ ಫ್ರಾನ್ಸಿಸ್ ಕೂಡ ಕುಟುಂಬ ಜೀವನದ ಬಗ್ಗೆ 2016ರಲ್ಲಿ ಹೊರಡಿಸಿದ ‘ಅಮೋರಿಸ್ ಲೆತೀತಿಯಾ’ ಎಂಬ ಬೋಧನಾ ಪತ್ರದ ಆರನೆಯ ಅಧ್ಯಾಯದಲ್ಲಿ ವಿವರವಾಗಿಯೇ ಬರೆದಿದ್ದಾರೆ. ಆದರೆ ಮಗು ಹುಟ್ಟಿ, ನಿದ್ದೆಗೆಟ್ಟು, ಅದೇ ಕಂತಿನ ಜಗಳ ಮತ್ತೆ ಎದ್ದಾಗ ಕೇಂದ್ರಕ್ಕೆ ಫೋನ್ ಮಾಡಿದರೆ, ಹೊಸ ದಂಪತಿಗಳಿಗೆ ಕಾರ್ಯಕ್ರಮವೇನೂ ಇಲ್ಲವೆಂದು ಹೇಳಿ ಒಂದು ತಿಂಗಳ ನಂತರದ ದಿನಾಂಕ ಕೊಟ್ಟರು. ಕೊನೆಗೆ ನೆರವಾದವರು ಶಿಬಿರದಲ್ಲಿ ಪಾಠ ಮಾಡಿದ್ದ ಹಿರಿಯ ದಂಪತಿ. ಭಾನುವಾರ ಮನೆಗೆ ಕರೆದು, ಕಾಫಿ ಕೊಟ್ಟು, ಎರಡು ಗಂಟೆ ನಮ್ಮ ಮಾತು ಕೇಳಿದರು.

ಹೋಗುವವರು ಮದುವೆಗೆ ಮೂರು ತಿಂಗಳಿರುವಾಗಲೇ ಹೆಸರು ಬರೆಸಿ, ಜ್ಞಾನಸ್ನಾನ ಪತ್ರವನ್ನೂ ಗುರುಗಳ ಪತ್ರವನ್ನೂ ಜೊತೆಗೊಯ್ಯಿರಿ. ಪಾಠ ಮಾಡುವ ದಂಪತಿಗಳ ಫೋನ್ ನಂಬರ್ ಕೇಳಿಕೊಂಡು ಬರಲು ಮರೆಯದಿರಿ.