ಓಟ್ಸ್ ಬಟ್ಟಲಾ, ಉಪ್ಪೆಸರು ಮುದ್ದೆಯಾ?

ಮಾಂಸ, ಮೊಟ್ಟೆ, ಹಾಲು ಮೂರನ್ನೂ ಬಿಟ್ಟು ತೂಕ ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಅಂದರೆ ಮಂಡ್ಯದಲ್ಲಿ ನನಗೆ ಕಂಡದ್ದು ಎರಡು ದಾರಿ. ಒಂದು ಮೊಬೈಲ್ ತೋರಿಸುವ ದಾರಿ: ಬೆಳಿಗ್ಗೆ ಓಟ್ಸ್, ಚಿಯಾ ಬೀಜ, ಬಾದಾಮಿ ಹಾಲು, ಮಧ್ಯಾಹ್ನ ಕಿನೋವಾ ಎಂಬ ಧಾನ್ಯದ ಸಲಾಡ್, ರಾತ್ರಿ ಸೂಪು. ಇನ್ನೊಂದು ಅಮ್ಮನ ಒಲೆಯದು: ಮುದ್ದೆ, ಸೊಪ್ಪು, ಕಾಳು. ಎರಡನ್ನೂ ಕೆಲವು ತಿಂಗಳು ನಡೆಸಿ ನೋಡಿದ್ದೇನೆ. ಬಿಳಿ ಅನ್ನ, ಬೋಂಡ, ಮಸಾಲೆ ದೋಸೆಯ ಸಸ್ಯಾಹಾರವೂ ಇದೆ. ಅದರಲ್ಲಿ ತೂಕ ಎತ್ತ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ, ಬಿಡಿ.

ಓಟ್ಸ್ ಕೆಟ್ಟದ್ದಲ್ಲ. ಅದರಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರು ಕೆಟ್ಟ ಕೊಲೆಸ್ಟ್ರಾಲನ್ನು ಇಳಿಸುತ್ತದೆ. ನನಗೆ ಕೈಕೊಟ್ಟಿದ್ದು ಬಾದಾಮಿ ಹಾಲು. ಅಂಗಡಿಯಲ್ಲಿ ಸಿಗುವ ಡಬ್ಬಿಯಲ್ಲಿ ಬಹುಪಾಲು ನೀರೇ, ಲೋಟಕ್ಕೆ 1 ಗ್ರಾಂ ಆಸುಪಾಸು ಪ್ರೋಟೀನ್ ಅಷ್ಟೆ. ಸೋಯಾ ಹಾಲಿನಲ್ಲಿ 6-7 ಗ್ರಾಂ ಇರುತ್ತದೆ. ಹನ್ನೊಂದು ಗಂಟೆಗೆಲ್ಲ ಹೊಟ್ಟೆ ತಾಳ ಹಾಕಲು ಶುರು ಮಾಡುತ್ತಿತ್ತು, ಆಫೀಸಿನ ಕೆಳಗೆ ಬಜ್ಜಿ ಗಾಡಿ ಬೇರೆ. ಓಟ್ಸಿಗೆ ಒಂದು ಹಿಡಿ ಕಡ್ಲೆಕಾಯಿ ಬೀಜ ಸೇರಿಸಿದ ಮೇಲೆ ಸ್ವಲ್ಪ ಸುಧಾರಿಸಿತು. ಪ್ರೋಟೀನಿನ ಲೆಕ್ಕದಲ್ಲಿ ಕಡ್ಲೆಕಾಯಿ ಬಾದಾಮಿಗೆ ಏನೂ ಕಮ್ಮಿ ಇಲ್ಲ, ಬೆಲೆಯಲ್ಲಿ ಮಾತ್ರ ಎಷ್ಟೋ ಕಮ್ಮಿ.

ಸಲಾಡಿನ ವಿಷಯದಲ್ಲಿ ಮೊಬೈಲ್ ದಾರಿಯೇ ಗೆದ್ದಿತು, ಒಪ್ಪಿಕೊಳ್ಳಬೇಕು. ಸೌತೆಕಾಯಿ, ಕ್ಯಾರೆಟ್, ಟೊಮೊಟೊ, ಮೊಳಕೆ ಹೆಸರುಕಾಳು, ಮೇಲೆ ನಿಂಬೆರಸ. ಬಟ್ಟಲು ತುಂಬಾ ತಿಂದರೂ ಕ್ಯಾಲೊರಿ ತೀರಾ ಕಡಿಮೆ. ಅಗಿಯುವುದಕ್ಕೇ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ. ಅಮ್ಮ ಮಾತ್ರ "ಇದೇನ್ಲಾ ಮಗ, ದನ ಮೇದಂಗೆ ಮೇಯ್ತಿದ್ದೀಯ" ಅಂದು ಒಳಗೆ ಹೋದರು.

ಇನ್ನು ಉಪ್ಪೆಸರು. ಇದರಲ್ಲಿ ಒಂದು ಜಾಣತನ ಇದೆ. ಹುರಳಿಕಾಳನ್ನು ರಾತ್ರಿಯೇ ನೆನೆಸಿ, ಬೆಳಿಗ್ಗೆ ಬೇಯಿಸಿ, ಕೊನೆಗೆ ಸೊಪ್ಪು ಹಾಕಿ ಕಟ್ಟು ಬಸಿಯುತ್ತಾರೆ. ಆ ನೀರನ್ನು ಚೆಲ್ಲುವುದಿಲ್ಲ, ಅದೇ ಸಾರು. ಬೇಯುವಾಗ ನೀರಿಗೆ ಇಳಿದ ಫೋಲೇಟ್ ಎಂಬ ವಿಟಮಿನ್, ಪೊಟ್ಯಾಷಿಯಂ ತಟ್ಟೆಗೇ ಬರುತ್ತದೆ. ಉಳಿದ ಕಾಳು-ಸೊಪ್ಪು ಪಲ್ಯಕ್ಕೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು ಹಾಕಿ ರುಬ್ಬಿದ ಖಾರ ತಟ್ಟೆಯ ಅಂಚಿಗೆ. ಬಿಸಿ ಸಾರಿಗೆ ಬೇಕಾದಷ್ಟು ಕದಡಿಕೊಂಡರೆ ಆಯಿತು. ಎಣ್ಣೆ ಬೀಳುವುದು ಪಲ್ಯದ ಒಗ್ಗರಣೆಗೆ ಮಾತ್ರ.

ಹಾಲು ಬಿಟ್ಟವರಿಗೆ ರಾಗಿ ದೊಡ್ಡ ಆಸರೆ. 100 ಗ್ರಾಂ ರಾಗಿಯಲ್ಲಿ 340-360 ಮಿಲಿಗ್ರಾಂ ಕ್ಯಾಲ್ಸಿಯಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು. ಕಿನೋವಾ ದಕ್ಷಿಣ ಅಮೆರಿಕದ ಬೆಳೆ, ನಮ್ಮ ಕೈಗೆ ಬರುವಷ್ಟರಲ್ಲಿ ಬೆಲೆ ಗಗನಕ್ಕೆ. ರಾಗಿಗೋ, ಇಲ್ಲೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮದಕ್ಕೆ ಸಂಕರ ಮಾಡಿ ಇಂಡಾಫ್ ತಳಿ ತಂದರು.

ಆದರೆ ರಾಗಿಯಲ್ಲಿ ಪ್ರೋಟೀನ್ 7 ಗ್ರಾಂ ಅಷ್ಟೇ. ಹುರಳಿಯಲ್ಲಿ 22. ಅಂದರೆ ಕಾಳಿಲ್ಲದ ಮುದ್ದೆ ಅರ್ಧ ಊಟ. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆ ರಕ್ತದ ಸಕ್ಕರೆಯನ್ನು ಬೇಗ ಏರಿಸಲೂಬಹುದು, ಶುಗರ್ ಇದ್ದವರು ನೋಡಿಕೊಂಡು ತಿನ್ನಬೇಕು. ಮುದ್ದೆಯನ್ನು ಅಗಿಯಲ್ಲ, ನುಂಗ್ತೀವಿ, ಅಲ್ವಾ? ಹಾಗಾಗಿ ಎರಡನೆಯದು ಸಲೀಸಾಗಿ ಇಳಿದುಬಿಡುತ್ತದೆ, ಅದರ ಹಿಂದೆ ಅನ್ನ. ಒಂದೇ ಮುದ್ದೆ, ಪಲ್ಯ ಅದಕ್ಕಿಂತ ಜಾಸ್ತಿ, ಅನ್ನಕ್ಕೆ ರಜೆ. ಹೀಗೆ ಮಾಡಿದ ಮೇಲೆಯೇ ನನ್ನ ಪ್ಯಾಂಟು ಸಡಿಲವಾಗಿದ್ದು. ಓಟ್ಸಿನಲ್ಲೂ ತೂಕ ಇಳಿದಿತ್ತು, ಇನ್ನೂ ಬೇಗ. ಆದರೆ ಮನೆಯಲ್ಲಿ ನನಗೊಬ್ಬನಿಗೇ ಬೇರೆ ಅಡುಗೆ ಎಷ್ಟು ದಿನ ನಡೆಯುತ್ತದೆ? ಬಿಟ್ಟ ಮೇಲೆ ತೂಕ ವಾಪಸ್. ಉಪ್ಪೆಸರನ್ನು ಮನೆಮಂದಿಯೆಲ್ಲ ತಿನ್ನುತ್ತಾರೆ, ಭಾನುವಾರದ ಬಾಡೂಟಕ್ಕೆ ಮಾತ್ರ ನಾನು ಬೇರೆ.

ಈಗ ಮನೆ ಊಟ ಪೂರ್ತಿ ಅಮ್ಮನ ದಾರಿ. ಆಫೀಸ್ ಡಬ್ಬಿಗೆ ಆ ಸಲಾಡು, ಜೊತೆಗೆ ಬೆಂದ ಕಾಳು. ಮುದ್ದೆ ಆರಿದರೆ ಕಲ್ಲು, ಡಬ್ಬಿಗೆ ಒಗ್ಗುವುದಿಲ್ಲ. ಊಟವಾದ ತಕ್ಷಣ ಟೀ ಕುಡಿಯುವುದಿಲ್ಲ, ಅದು ಕಬ್ಬಿಣಾಂಶ ಹೀರದಂತೆ ತಡೆಯುತ್ತದೆ. ಪಲ್ಯಕ್ಕೆ ನಿಂಬೆ ಹಿಂಡಿದರೆ ಅದಕ್ಕೆ ಉಲ್ಟಾ.

ಎರಡೂ ದಾರಿಯಲ್ಲಿ ಸಿಗದೇ ಇರುವುದು ವಿಟಮಿನ್ ಬಿ12. ಸೊಪ್ಪು, ಕಾಳು, ಹುದುಗಿದ ಇಡ್ಲಿ ಹಿಟ್ಟು, ಯಾವುದನ್ನೂ ಅದಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಹಾಲನ್ನೂ ಬಿಟ್ಟವರು ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದಷ್ಟು ಮಾತ್ರೆ ತಗೊಳ್ಳಲೇಬೇಕು. ಕೊರತೆ ಜಾಸ್ತಿಯಾದರೆ ಕೈಕಾಲು ಜೋಮು ಹಿಡಿಯುತ್ತದೆ, ನರಗಳಿಗೇ ಪೆಟ್ಟು.

ಕಾಫಿಗೆ ಮಾತ್ರ ಎರಡು ಕಡೆಯಿಂದಲೂ ಒಳ್ಳೆ ಉತ್ತರ ಸಿಕ್ಕಿಲ್ಲ. ಬಿಸಿ ಡಿಕಾಕ್ಷನ್‌ಗೆ ಸೋಯಾ ಹಾಲು ಸುರಿದರೆ ಒಡೆಯುತ್ತದೆ. ಹಾಲನ್ನು ಮೊದಲು ಬೆಚ್ಚಗೆ ಮಾಡಿ, ಅದಕ್ಕೆ ಡಿಕಾಕ್ಷನ್ ನಿಧಾನಕ್ಕೆ ಬಿಟ್ಟರೆ ಎಷ್ಟೋ ವಾಸಿ. ರುಚಿ ಕೇಳಬೇಡಿ.