ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್: ಕೆಲಸಗಾರರೇ ಒಡೆಯರಾದ ಹೋಟೆಲು

ಮೊದಲು ರುಚಿಯ ಮಾತು. ಇಲ್ಲಿಯದು ದರ್ಶಿನಿಗಳಲ್ಲಿ ನೊರೆಯುಕ್ಕಿಸಿ ಕೊಡುವ ಸಣ್ಣ ಲೋಟದ ಕಾಫಿಯಲ್ಲ. ದಪ್ಪ ಅಂಚಿನ ಬಿಳಿ ಪಿಂಗಾಣಿ ಕಪ್ಪಿನಲ್ಲಿ ಬರುತ್ತದೆ. ಹಾಲು ಹದವಾಗಿರುತ್ತದೆ, ಗುಟುಕು ಇಳಿದ ಮೇಲೆ ನಾಲಿಗೆಯ ಬುಡದಲ್ಲಿ ತುಸು ಕಹಿ ಉಳಿಯುತ್ತದೆ. ಕೊಪ್ಪದ ಕಡೆ ಎರಡು ಎಕರೆ ತೋಟವಿರುವ ಮನೆಯಲ್ಲಿ ಬೆಳೆದ ನನಗೆ ಆ ಕಹಿ ಬೇಕೇ ಬೇಕು. ಜೊತೆಗೆ ಸ್ಕ್ರ್ಯಾಂಬಲ್ಡ್ ಎಗ್ ಮತ್ತು ಬೆಣ್ಣೆ ಹಚ್ಚಿದ ಟೋಸ್ಟ್ ತೆಗೆದುಕೊಳ್ಳಿ. ಮಾಂಸ ತಿನ್ನುವವರಾದರೆ ಮಟನ್ ಕಟ್ಲೆಟ್ ಬಿಡಬೇಡಿ.

ಬಿಳಿ ಸಮವಸ್ತ್ರ, ಸೊಂಟಕ್ಕೆ ಅಗಲವಾದ ಬಣ್ಣದ ಪಟ್ಟಿ, ತಲೆಗೆ ಪೇಟ ತೊಟ್ಟವರು ಟ್ರೇ ಹಿಡಿದು ಬರುತ್ತಾರೆ. ಈ ಉಡುಪು ಕಂಡು ಹೊಸಬರು ಇದು ಯಾವುದೋ ದೊಡ್ಡ ಧಣಿಯ ಹೋಟೆಲೆಂದು ತಿಳಿಯುತ್ತಾರೆ. ಇಲ್ಲಿ ಧಣಿಯೇ ಇಲ್ಲ. ಕಾಫಿ ಹೌಸುಗಳು ಮೊದಲು ಸರ್ಕಾರದ ಕಾಫಿ ಮಂಡಳಿಯ ಕೈಯಲ್ಲಿದ್ದವು. 1950ರ ದಶಕದಲ್ಲಿ ಮಂಡಳಿ ಅವುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರು ಬೀದಿಗೆ ಬಿದ್ದರು. ಕಣ್ಣೂರಿನ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಈ ಕೆಲಸಗಾರರಿಗೆ ಕೊಟ್ಟ ಸಲಹೆ ಒಂದೇ: ನೀವೇ ಸಂಘ ಕಟ್ಟಿಕೊಂಡು ನಡೆಸಿ. ಹಾಗೆ ಹುಟ್ಟಿದ ಮೊದಲ ಸಹಕಾರ ಸಂಘ ನಮ್ಮ ಬೆಂಗಳೂರಿನದು, 1957ರ ಆಗಸ್ಟ್ 19ರಂದು. ದೆಹಲಿ, ತ್ರಿಶೂರಿನವು ಆಮೇಲೆ ಬಂದವು. ಕಪ್ ತೊಳೆಯುತ್ತಿದ್ದವರು, ಬಿಲ್ ಬರೆಯುತ್ತಿದ್ದವರು ಷೇರುದಾರರಾದರು. ಆಡಳಿತ ಮಂಡಳಿಯನ್ನು ಆರಿಸುವ ಮತವೂ ಅವರದಾಯಿತು, ಒಬ್ಬರಿಗೆ ಒಂದೇ ಮತ.

ಇದು ನನಗೇಕೆ ಇಷ್ಟು ಮುಖ್ಯವೆಂದು ಹೇಳಬೇಕು. ನಗರದ ಒಂದು ದೊಡ್ಡ ಕೆಫೆ ಸರಣಿಯಲ್ಲಿ, ಹೆಸರು ಬೇಡ, ಮೂರು ವರ್ಷ ಲೆಕ್ಕ ಬರೆದಿದ್ದೇನೆ. ಗ್ರಾಹಕ ಕೊಟ್ಟ ಹಣ ಎತ್ತ ಹರಿಯುತ್ತದೆ ಎಂಬುದು ಪ್ರತಿ ತಿಂಗಳೂ ನನ್ನ ಕೈಯಲ್ಲೇ ದಾಖಲಾಗುತ್ತಿತ್ತು: ಬಾಡಿಗೆ, ಹೂಡಿಕೆದಾರರ ಪಾಲು, ಡೆಲಿವರಿ ಆ್ಯಪ್‌ನ ಕಮಿಷನ್. ಕಪ್ ತೊಳೆಯುವ ಹುಡುಗನ ಸಂಬಳ ಕೆಳಗೆಲ್ಲೋ ಒಂದು ಸಾಲು. ಒಂದು ದೀಪಾವಳಿಯಲ್ಲಿ ಅವನ ಓವರ್‌ಟೈಮ್ ಹಣವನ್ನು ತಡೆಹಿಡಿದರು. ಅದೇ ವಾರ ಮೇಲಿನವರ ಬೋನಸ್ಸಿನ ವೋಚರ್‌ಗಳನ್ನು ಬರೆದವನು ನಾನೇ. ನೀಲಿ ಕಾರ್ಬನ್ ಬೆರಳಿಗೆ ಅಂಟಿತ್ತು, ಸೋಪು ಹಾಕಿ ಉಜ್ಜಿದರೂ ಸಂಜೆಯವರೆಗೆ ಹೋಗಲಿಲ್ಲ. ದೇಶದ ಜನರಲ್ಲಿ ನೂರಕ್ಕೆ ಒಬ್ಬರಂತಿರುವ ಅತಿ ಸಿರಿವಂತರ ಬಳಿಯೇ ಒಟ್ಟು ಸಂಪತ್ತಿನ ಶೇ 40.1 ಇದೆ ಎಂದು ವಿಶ್ವ ಅಸಮಾನತೆ ಪ್ರಯೋಗಾಲಯದ ಅರ್ಥಶಾಸ್ತ್ರಜ್ಞರು 2024ರಲ್ಲಿ ಬರೆದಾಗ ಗೆಳೆಯರು ಬೆರಗಾದರು. ನನಗೆ ಬೆರಗಾಗಲಿಲ್ಲ. ಅಂಥ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂಬುದನ್ನು ಸಾಲು ಸಾಲಾಗಿ ಬರೆದವನು ನಾನು.

ಕಾಫಿ ಬೆಳೆಯುವವರ ಕಥೆಯೂ ಬೇರೆಯಲ್ಲ. ದೇಶದ ಬೆಳೆಗಾರರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಮಂದಿ ನಮ್ಮಂಥ ಸಣ್ಣ ಹಿಡುವಳಿದಾರರು. ಮೂಟೆ ಹೊತ್ತು ಮಂಡಿಗೆ ಹೋದ ಅಪ್ಪ ಬೆಲೆ ಕೇಳಿಸಿಕೊಂಡು ಬಂದದ್ದನ್ನು ಮಾತ್ರ ನೋಡಿದ್ದೇನೆ, ಬೆಲೆ ಹೇಳಿ ಬಂದದ್ದನ್ನು ಒಮ್ಮೆಯೂ ನೋಡಿಲ್ಲ.

ಹಾಗೆಂದು ಕಾಫಿ ಹೌಸ್ ಎಲ್ಲವನ್ನೂ ಗೆದ್ದಿದೆಯೆಂದು ನಾನು ಹೇಳಲಾರೆ. ಅರ್ಧ ಶತಮಾನ ಎಂ.ಜಿ. ರಸ್ತೆಯಲ್ಲಿದ್ದ ಮಳಿಗೆಯನ್ನು ಸಂಘ 2009ರಲ್ಲಿ ಬಿಡಬೇಕಾಯಿತು. ಕಪ್ಪು, ಒಲೆ, ಮೇಜು ಎಲ್ಲ ಕೆಲಸಗಾರರದಾಗಿದ್ದವು, ಗೋಡೆ ಮಾತ್ರ ಬೇರೆಯವರದಾಗಿತ್ತು. ಈ ಊರಿನಲ್ಲಿ ನೆಲ ಯಾರದೋ ಕೊನೆಯ ಮಾತೂ ಅವರದೇ. ಚರ್ಚ್ ಸ್ಟ್ರೀಟಿಗೆ ಬಂದ ಮೇಲೂ ಗಿರಾಕಿಗಳು ಕೈಬಿಡದೆ ಹಿಂದೆಯೇ ಬಂದರು. ನನ್ನ ಪಕ್ಕದ ಮೇಜಿನಲ್ಲಿ ಕೂರುವ ಹಿರಿಯರೊಬ್ಬರು ಹಳೆಯ ಮಳಿಗೆಯಲ್ಲಿ ತಾವು ಕೂರುತ್ತಿದ್ದ ಜಾಗವನ್ನು ಇಂದಿಗೂ ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆದು ತೋರಿಸುತ್ತಾರೆ.

ಶನಿವಾರವಾದರೆ ಬೆಳಿಗ್ಗೆ ಬೇಗ ಹೋಗಿ. ಜನ ಹೆಚ್ಚಿದಾಗ ಅಪರಿಚಿತರೊಂದಿಗೆ ಮೇಜು ಹಂಚಿಕೊಳ್ಳಬೇಕಾಗುತ್ತದೆ, ಹಂಚಿಕೊಳ್ಳಿ. ಎರಡನೆಯ ಕಪ್ ಬೇಕೆನಿಸಿದರೆ ಮೊದಲನೆಯದು ಮುಗಿಯುವ ಮುನ್ನವೇ ಹೇಳಿಬಿಡಿ.