ಹನಿಸಕಲ್ ಅಂತ ಆನ್‌ಲೈನಲ್ಲಿ ಬಳ್ಳಿ ತರಿಸುವವರು ಇದನ್ನೊಮ್ಮೆ ಓದಿ

ಬರೀ ಫೋಟೋ ನೋಡಿ ಹನಿಸಕಲ್ ಬಳ್ಳಿಗೆ ದುಡ್ಡು ಕಳಿಸಬೇಡಿ. ಫೋಟೋದಲ್ಲಿ ಬಿಳಿ, ಹಳದಿ ಹೂ ಇತ್ತು. ಬದಿಯಡ್ಕದ ನಮ್ಮ ಮನೆಗೆ ಪಾರ್ಸೆಲ್‌ನಲ್ಲಿ ಬಂದದ್ದು ಬೇರೆಯೇ. ಗೇಣುದ್ದದ ಗಿಡದಲ್ಲಿ ನಾಲ್ಕೆಲೆ ಇದ್ದರೆ ಯಾರಿಗೆ ತಾನೇ ಗೊತ್ತಾಗುತ್ತದೆ? ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ ಜಗಲಿಯ ಕಂಬದ ಬುಡದಲ್ಲಿ ನೆಟ್ಟೆವು. ನಮ್ಮೂರ ಮಳೆ ಕೇಳಬೇಕಾ, ಬಳ್ಳಿ ಕಂಬ ಬಿಟ್ಟು ಮಾಡಿಗೆ ಹತ್ತಿ, ಹಂಚಿನ ಸಂದಿಗೆ ನುಗ್ಗಿ, ಅಂಚಿನ ಹಂಚುಗಳನ್ನೇ ಎಬ್ಬಿಸಿಬಿಟ್ಟಿತು. ಆಟಿ ತಿಂಗಳ ಮಳೆಗೆ ಚಾವಡಿಯೊಳಗೆ ನೀರು.

ಹೂ ಬಿಟ್ಟಾಗ ನೋಡಿದರೆ ರಂಗೂನ್ ಬಳ್ಳಿ! ಸಂಜೆ ಬಿಳಿಯಾಗಿ ಅರಳಿ, ಆಮೇಲೆ ಗುಲಾಬಿ, ಕೊನೆಗೆ ಕೆಂಪಾಗುವ ಜೋಲು ಗೊಂಚಲು. ಮಾರಿದವರಿಗೆ ಫೋನ್ ಮಾಡಿದರೆ, “ಅದಕ್ಕೂ ಚೈನೀಸ್ ಹನಿಸಕಲ್ ಅಂತಾರೆ” ಅಂದರು. ಅನ್ನುತ್ತಾರೆ, ಸರಿ. ಫೋಟೋದಲ್ಲಿದ್ದದ್ದು ಅದಲ್ವಲ್ಲ!

ರಂಗೂನ್ ಬಳ್ಳಿ ಕೆಟ್ಟದ್ದೇನಲ್ಲ, ಗೇಟಿನ ಕಮಾನಿಗೆ ಚೆಂದ. ಹಂಚಿನ ಮಾಡಿನ ಹತ್ತಿರ ಮಾತ್ರ ಬೇಡ. ತೆಗೆಯುವಾಗ ಕೈಯೆಲ್ಲ ಗೀರಿತು, ಯಾಕೆಂದರೆ ಎಲೆ ಉದುರಿದರೂ ತೊಟ್ಟಿನ ಬುಡ ಅಲ್ಲೇ ಗಟ್ಟಿಯಾಗಿ ಮುಳ್ಳಿನ ಹಾಗೆ ನಿಂತಿರುತ್ತದೆ. ಬುಡ ಕಡಿದ ಮೇಲೂ ಬೇರಿನಿಂದ ಕುಡಿ ಬರುತ್ತಲೇ ಇದೆ.

ಫೋಟೋದಲ್ಲಿದ್ದಂಥ ಜಪಾನಿ ಹನಿಸಕಲ್ ಆದರೆ ಎಲೆಯ ಕಂಕುಳಲ್ಲಿ ಹೂ ಜೋಡಿಯಾಗಿ ಬರುತ್ತದೆ. ಸಪೂರ ಕೊಳವೆ, ತುದಿಯಲ್ಲಿ ಎರಡು ತುಟಿ. ಬಿಳಿ ಹೂ ಹಳದಿಯಾಗುತ್ತದೆ, ಕೆಂಪಾಗುವುದಿಲ್ಲ. ಬಲಿತ ಗೆಲ್ಲು ಕತ್ತರಿಸಿದರೆ ಒಳಗೆ ಟೊಳ್ಳು. ಹೂ ಬಿಟ್ಟ ಗಿಡವನ್ನೇ ಕಣ್ಣಾರೆ ನೋಡಿ ತನ್ನಿ, ಇಲ್ಲವೇ ಗುರುತಿನವರ ಮನೆಯ ಬಳ್ಳಿಯಲ್ಲೇ ಒಂದು ಗೆಲ್ಲಿಗೆ ಬೇರು ಬರಿಸಿಕೊಳ್ಳಲು ಕೇಳಿ. ಬೇರು ಬರಿಸುವುದು ಕಷ್ಟವಲ್ಲ: ನೆಲದ ಹತ್ತಿರದ ಗೆಲ್ಲನ್ನು ಬಗ್ಗಿಸಿ, ಗಿಣ್ಣಿನ ಕೆಳಗೆ ಸಿಪ್ಪೆ ಸ್ವಲ್ಪ ಕೆರೆದು, ಹೊಯ್ಗೆ ಬೆರೆಸಿದ ಮಣ್ಣಿನ ಚಟ್ಟಿಯಲ್ಲಿ ಹೂತು ಮೇಲೊಂದು ಕಲ್ಲಿಡಿ. ಮಣ್ಣು ತೇವ ಇರಲಿ, ನೀರು ಮಾತ್ರ ನಿಲ್ಲಬಾರದು. ಮೆಲ್ಲಗೆ ಎಳೆದಾಗ ಗಟ್ಟಿ ಹಿಡಿದಿದ್ದರೆ ಬೇರು ಬಂದಿದೆ ಅಂತ, ಆಮೇಲೆ ತಾಯಿ ಬಳ್ಳಿಯಿಂದ ಬೇರ್ಪಡಿಸಿ. ಇದು ಕೂಡ ಜೋರಾಗಿ ಹಬ್ಬುವ ಜಾತಿ, ಅಮೆರಿಕದ ಕಾಡುಗಳಲ್ಲಿ ಕಳೆಯೇ ಆಗಿದೆ. ಕತ್ತರಿಸಿದ ಚೂರುಗಳನ್ನು ತೋಟದ ಬದಿಗೆ ಎಸೆಯಬೇಡಿ.

ಬೀಜದ ಪ್ಯಾಕೆಟ್ ಅಂತೂ ಬೇಡವೇ ಬೇಡ. ಬೀಜ ಅಸಲಿಯಾದರೂ ಮೊಳೆಯಲು ತಿಂಗಳುಗಟ್ಟಲೆ ಚಳಿ ಬೇಕು. ಕಾಸರಗೋಡಿನಲ್ಲಿ ಆ ಚಳಿ ಎಲ್ಲಿಂದ ತರೋಣ?

ದುಡ್ಡು ವಾಪಸ್ ಬಂದಿಲ್ಲ. ಪಾರ್ಸೆಲ್ ಬಿಚ್ಚುವಾಗಿನ ವಿಡಿಯೋ ಬೇಕಂತೆ. ನಾಲ್ಕೆಲೆಯ ವಿಡಿಯೋದಲ್ಲಿ ಹೂವಿನ ಬಣ್ಣ ತೋರಿಸುವುದು ಹೇಗೆ ಅಂತ ಕೇಳಿದೆ, ಅದಕ್ಕೆ ಉತ್ತರ ಇಲ್ಲ.